ಅರ್ಜಿಯ ಅಳತೆಗೆ ಇಳಿಸಿದಾಗ ಫೋಟೋದಲ್ಲಿ ಮುಖ ಉಬ್ಬುವುದೇಕೆ?

ನಿಮ್ಮ ತೊಂದರೆ ಎರಡು. ಮೊಬೈಲಿನಲ್ಲಿ ತೆಗೆದ ಮಗಳ ಫೋಟೋವನ್ನು ಅರ್ಜಿಯ ಅಳತೆಗೆ ಇಳಿಸಿದರೆ ಮುಖ ಉಬ್ಬಿದಂತೆ ಕಾಣುತ್ತದೆ. ಮನೆಯ ಪ್ರಿಂಟರಿನಲ್ಲಿ ತೆಗೆದರೆ ಅರ್ಜಿಯ ಚೌಕದೊಳಗೆ ಕೂರುವುದಿಲ್ಲ. ಜೊತೆಗೆ ಸ್ಟ್ಯಾಂಪ್ ಸೈಜಿನ ಅಳತೆಯನ್ನೂ ಕೇಳಿದ್ದೀರಿ. ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ನನ್ನದೊಂದು ಚಿಕ್ಕ ಫೋಟೋ ಅಂಗಡಿ ಇದೆ. ಜೂನ್ ಬಂತೆಂದರೆ ಕಾಲೇಜಿಗೆ ಸೇರುವ ಮಕ್ಕಳು, ಹೋಟೆಲ್ ಕೆಲಸಕ್ಕೆಂದು ಕರಾವಳಿಯಿಂದ ಬಂದ ಹುಡುಗರು, ಎಲ್ಲರೂ ಇದೇ ದೂರು ಹೊತ್ತು ಬರುತ್ತಾರೆ.

ಮುಖ ಉಬ್ಬುವುದಕ್ಕೆ ಕಾರಣ ನೀವು ಚಿತ್ರವನ್ನು ಕತ್ತರಿಸದೆ ಹಿಗ್ಗಿಸಿದ್ದು. ಮೊಬೈಲನ್ನು ನಿಲ್ಲಿಸಿ ಹಿಡಿದು ತೆಗೆದ ಫೋಟೋದಲ್ಲಿ ಸಾಮಾನ್ಯವಾಗಿ ಅಗಲ ಮೂರು ಪಾಲಾದರೆ ಎತ್ತರ ನಾಲ್ಕು ಪಾಲು. ಪಾಸ್‌ಪೋರ್ಟ್ ಸೈಜ್ ಎಂದು ನಾವು ಕರೆಯುವುದು 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. ಎರಡೂ ಹತ್ತಿರದ ಪ್ರಮಾಣಗಳಾದ್ದರಿಂದ ಬಲವಂತವಾಗಿ ತುರುಕಿದರೂ ಮುಖ ಶೇ. 4ರಷ್ಟು ಮಾತ್ರ ಅಗಲವಾಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಆದರೆ ಅಮೆರಿಕದ ವೀಸಾಕ್ಕೆ ಬೇಕಾದ 2 ಇಂಚಿನ ಚೌಕಕ್ಕೆ ಅದನ್ನೇ ತುರುಕಿ ನೋಡಿ, ಮೂರನೇ ಒಂದು ಪಾಲು ಅಗಲವಾಗಿಬಿಡುತ್ತದೆ.

ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಗೆ ಕೇಳುವುದು 200 × 230 ಪಿಕ್ಸೆಲ್ (ಚಿತ್ರವನ್ನು ಕಟ್ಟುವ ಚುಕ್ಕಿಗಳು). ಅಂಗಡಿ ತೆರೆದ ಹೊಸತರಲ್ಲಿ ಒಬ್ಬ ಹುಡುಗನ ಫೋಟೋವನ್ನು ನಾನೇ ಆ ಎರಡು ಅಂಕಿಗಳನ್ನು ತುಂಬಿ ಕುಗ್ಗಿಸಿ ಕೊಟ್ಟಿದ್ದೆ. ಕೆನ್ನೆ ಶೇ. 16ರಷ್ಟು ಅಗಲವಾಗಿತ್ತು. ಪರೀಕ್ಷಾ ಕೇಂದ್ರದಲ್ಲಿ ಪ್ರವೇಶಪತ್ರವನ್ನೂ ಅವನ ಮುಖವನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದರಂತೆ. ಒಳಗೆ ಬಿಟ್ಟರು, ಆದರೆ ಆ ಗಾಬರಿಯಲ್ಲೇ ಅವನು ಪರೀಕ್ಷೆ ಬರೆಯಬೇಕಾಯಿತು. ಅಂದಿನಿಂದ ಒಂದೂ ಫೋಟೋವನ್ನು ನಾನು ಹಾಗೆ ಹಿಗ್ಗಿಸಿಲ್ಲ.

ಆದ್ದರಿಂದ ಮೊದಲು ಕ್ರಾಪ್, ಅಂದರೆ ಬೇಡದ ಅಂಚನ್ನು ಕತ್ತರಿಸುವುದು, ಆಮೇಲೆ ಅಳತೆ. ಗಿಂಪ್ ಎಂಬ ಉಚಿತ ತಂತ್ರಾಂಶವಿದೆ. ಅದರ ಕ್ರಾಪ್ ಸಲಕರಣೆಯಲ್ಲಿ ಪ್ರಮಾಣವನ್ನು 35:45 ಎಂದು ಕಟ್ಟಿಹಾಕಿದರೆ ಚೌಕಟ್ಟನ್ನು ಎಷ್ಟು ಎಳೆದರೂ ಪ್ರಮಾಣ ಕೆಡುವುದಿಲ್ಲ. ತಲೆಯ ನೆತ್ತಿಯಿಂದ ಗದ್ದದವರೆಗೆ ಎಷ್ಟು ಜಾಗ ಎಂಬುದನ್ನೂ ಇಲ್ಲಿಯೇ ನಿರ್ಧರಿಸಿ. ಯುರೋಪಿನ ಷೆಂಗೆನ್ ವೀಸಾಕ್ಕೆ ಮುಖ ಚಿತ್ರದ ಶೇ. 70ರಿಂದ 80ರಷ್ಟಿರಬೇಕು, ಅಂದರೆ 45 ಮಿ.ಮೀ.ಯಲ್ಲಿ ಸುಮಾರು 32ರಿಂದ 36. ಫೋಟೋ ತೆಗೆಯುವಾಗಲೇ ಒಂದೂವರೆ ಮೀಟರ್ ದೂರ ನಿಂತು, ಸುತ್ತ ಧಾರಾಳವಾಗಿ ಜಾಗ ಬಿಟ್ಟಿರಬೇಕು. ತೀರಾ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಿವಿಗಳು ಹಿಂದೆ ಸರಿಯುತ್ತವೆ. ಅದನ್ನು ಯಾವ ಕ್ರಾಪೂ ಸರಿಪಡಿಸದು.

ಪಿಕ್ಸೆಲ್ ಲೆಕ್ಕ ಸುಲಭ: ಮಿ.ಮೀ.ಯನ್ನು 25.4ರಿಂದ ಭಾಗಿಸಿದರೆ ಇಂಚು, ಅದನ್ನು 300ರಿಂದ (ಇಂಚಿಗೆ 300 ಚುಕ್ಕಿ, ಅಂದರೆ 300 ಡಿಪಿಐ) ಗುಣಿಸಿ. 35 × 45ಕ್ಕೆ 413 × 531 ಬರುತ್ತದೆ. ನಿಮ್ಮ ಕತ್ತರಿಸಿದ ಚಿತ್ರ ಇದಕ್ಕಿಂತ ಚಿಕ್ಕದಾಗಿದ್ದರೆ ಬೇರೆ ಫೋಟೋ ತೆಗೆಯಿರಿ. ಹಿಗ್ಗಿಸಿದರೆ ಹೊಸ ವಿವರ ಹುಟ್ಟುವುದಿಲ್ಲ, ಮಸುಕು ಮಾತ್ರ. ಫೋಟೋವನ್ನು ಅಂಗಡಿಗೆ ವಾಟ್ಸಾಪ್‌ನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲವಾದರೆ ಅದು ದಾರಿಯಲ್ಲೇ ಸೊರಗುತ್ತದೆ.

ಇನ್ನು ಪ್ರಿಂಟ್. ಒಂದೊಂದೇ ಮುದ್ರಿಸಬೇಡಿ. 4 × 6 ಇಂಚಿನ ಹಾಳೆ ಅಡ್ಡ ಹಿಡಿದರೆ 300 ಡಿಪಿಐಯಲ್ಲಿ 1800 × 1200 ಪಿಕ್ಸೆಲ್. ಅಡ್ಡಕ್ಕೆ ನಾಲ್ಕರಂತೆ ಎರಡು ಸಾಲಿನಲ್ಲಿ ಎಂಟು ಫೋಟೋ ಹಿಡಿಯುತ್ತದೆ, ಕತ್ತರಿ ಆಡಿಸಲು ಅಂಚೂ ಉಳಿಯುತ್ತದೆ. ಮನೆಯಲ್ಲಿ ಅಳತೆ ತಪ್ಪುವುದು ಬಹುತೇಕ ಪ್ರಿಂಟರಿನ ಎರಡು ಆಯ್ಕೆಗಳಿಂದ. ಹಾಳೆಗೆ ಹೊಂದಿಸು (ಫಿಟ್ ಟು ಪೇಜ್) ಎಂಬುದು ಚಿತ್ರವನ್ನು ತನಗೆ ಬೇಕಾದಂತೆ ಹಿಗ್ಗಿಸುತ್ತದೆ, ಅಂಚಿಲ್ಲದ ಮುದ್ರಣ (ಬಾರ್ಡರ್‌ಲೆಸ್) ಎಂಬುದು ಹಾಳೆಯ ತುದಿ ಬಿಳಿಯಾಗಿ ಉಳಿಯದಿರಲೆಂದು ಚಿತ್ರವನ್ನು ತುಸು ದೊಡ್ಡದು ಮಾಡುತ್ತದೆ. ಎರಡನ್ನೂ ತೆಗೆದು, ಶೇ. 100 ಎಂದು ಇಟ್ಟು, ಮೊದಲ ಹಾಳೆಯನ್ನು ಅಳತೆಪಟ್ಟಿಯಿಂದ ಅಳೆಯಿರಿ. ನಾನು ಇಂದಿಗೂ ಪ್ರತಿದಿನದ ಮೊದಲ ಹಾಳೆಯನ್ನು ಅಳೆಯುತ್ತೇನೆ. ನಮ್ಮ ಮುಂಬಯಿಯ ಮಳೆಗಾಲದಲ್ಲಿ ಇಂಕ್‌ಜೆಟ್ ಪ್ರಿಂಟನ್ನು ಚೆನ್ನಾಗಿ ಒಣಗಿಸದೆ ಅಂಟಿಸಬೇಡಿ, ಒಂದು ಹನಿ ಬಿದ್ದರೂ ಬಣ್ಣ ಹರಿಯುತ್ತದೆ.

ಆನ್‌ಲೈನ್ ಅರ್ಜಿಗೆ 20ರಿಂದ 50 ಕೆಬಿ ಎಂದಿದ್ದರೆ ಮೊದಲು ಪಿಕ್ಸೆಲ್ ಇಳಿಸಿ. ಆಗಲೂ ಹೆಚ್ಚಿದ್ದರೆ ಮಾತ್ರ ಗುಣಮಟ್ಟ ಇಳಿಸಿ. ಪ್ರತಿ ಬಾರಿಯೂ ಮೂಲ ಫೋಟೋದಿಂದಲೇ ಆರಂಭಿಸಿ, ಏಕೆಂದರೆ ಜೆಪೆಗ್ ಚಿತ್ರವನ್ನು ತಿದ್ದಿ ಉಳಿಸಿದಷ್ಟೂ ಸವೆಯುತ್ತದೆ.

ಕೊನೆಯಲ್ಲಿ ನೀವು ಕೇಳಿದ ಸ್ಟ್ಯಾಂಪ್ ಸೈಜ್: 20 × 25 ಮಿ.ಮೀ., ಅಂದರೆ 236 × 295 ಪಿಕ್ಸೆಲ್. ಪಾಸ್‌ಪೋರ್ಟ್ ಸೈಜಿನ ಪ್ರಿಂಟನ್ನೇ ಕತ್ತರಿಯಿಂದ ಸುತ್ತ ಸವರಿ ಅಂಟಿಸುವವರಿದ್ದಾರೆ. ಆಗ ಮಗಳ ಗದ್ದವೋ ಹಣೆಯೋ ಹೊರಗುಳಿಯುತ್ತದೆ. ಅದಕ್ಕೆ 20:25ರ ಬೇರೆಯೇ ಕ್ರಾಪ್ ಮಾಡಿ, ಅದೇ 4 × 6 ಹಾಳೆಯಲ್ಲಿ ಪಾಸ್‌ಪೋರ್ಟ್ ಸೈಜಿನ ಒಂದು ಸಾಲಿನ ಕೆಳಗೆ ಸೇರಿಸಿಬಿಡಿ.