ಹಡಗು ಬಿಡಿ, ಒರೆಗಲ್ಲು ಹಿಡಿಯಿರಿ

ಪ್ರಿಯ ಪೋತದಾರರೇ,

ನಿಮ್ಮ ಅಡ್ಡಹೆಸರಿನ ಮೂಲ ಕುರಿತ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಬರುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಸಂಸ್ಕೃತದಲ್ಲಿ ‘ಪೋತ’ ಎಂದರೆ ಹಡಗು, ಆದ್ದರಿಂದ ನಿಮ್ಮ ಹಿರಿಯರು ಹಡಗಿನ ಒಡೆಯರು ಎಂದು ನಾಲ್ಕು ಪುಟ ಬರೆದಿದ್ದೀರಿ. ‘ದಾರ’ವನ್ನು ಯಾಕೆ ಮರೆತಿರಿ? ಸುಬೇದಾರ, ಹವಾಲ್ದಾರ, ಜಮೀನ್ದಾರರಲ್ಲಿ ಇರುವ ಪಾರಸಿ ‘ದಾರ’ವೇ ಅದು, ‘ಹೊಂದಿದವನು’ ಎಂದರ್ಥ. ಅದರ ಹಿಂದಿರುವುದೂ ಪಾರಸಿಯೇ: ‘ಫೋತಾ’ ಎಂದರೆ ಬಟ್ಟೆ, ಹಣದ ಚೀಲ. ಖಜಾನೆಗೆ ಬಂದ ನಾಣ್ಯವನ್ನು ತೂಗಿ, ಪರೀಕ್ಷಿಸಿ, ಎಣಿಸಿ ಒಳಗಿಡುವವನು ಫೋತದಾರ. ಬಂಗಾಳದ ಪೋದ್ದಾರರ ಹೆಸರೂ ಇದೇ ಪದದಿಂದ ಬಂದದ್ದು. ಅದು ಹುದ್ದೆ, ಕುಲವಲ್ಲ. ಅಕ್ಕಸಾಲಿಗರಲ್ಲೂ ಬ್ರಾಹ್ಮಣರಲ್ಲೂ ಪೋತದಾರರಿದ್ದಾರೆ. ಎಲ್ಲರನ್ನೂ ಒಂದೇ ವಂಶವೃಕ್ಷಕ್ಕೆ ಕಟ್ಟಿದ ಭಾಗವನ್ನು ದಯವಿಟ್ಟು ತೆಗೆದುಬಿಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹನ್ನೊಂದನೆಯ ಪುಟದ ಮೂರೇ ಸಾಲು. ಅಜ್ಜಿಯ ಟ್ರಂಕಿನ ತಳದಲ್ಲಿ ಅಂಗೈಯಗಲದ ನುಣುಪು ಕರಿಕಲ್ಲು, ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಹಳದಿ ಗೆರೆಗಳು. ‘ಯಾವುದೋ ಪೂಜೆಯ ಕಲ್ಲು’ ಎಂದು ದಾಟಿಹೋಗಿದ್ದೀರಿ. ಅದು ಒರೆಗಲ್ಲೇ ಇರಬೇಕು! ಹೊನ್ನನ್ನು ಉಜ್ಜಿ, ಗೆರೆಯ ಬಣ್ಣ ನೋಡಿ ಚೊಕ್ಕವೋ ಬೆರಕೆಯೋ ಹೇಳುತ್ತಿದ್ದ ಕಲ್ಲು.

ಪೇಶ್ವೆಯರ ಕಾಲದಲ್ಲಿ ನಮ್ಮ ಕಡೆ ಬಾಗಲಕೋಟೆಯ ಟಂಕಸಾಲೆಯ ರೂಪಾಯಿಯೇ ಬೇರೆ, ಬೆಳಗಾವಿ ಶಹಾಪುರದ್ದೇ ಬೇರೆ. ಹೊನ್ನು, ಹಣ ಎಂಬ ಚಿನ್ನದ ನಾಣ್ಯಗಳೂ ಇದ್ದವು. ರೈತ ಕಂದಾಯಕ್ಕೆ ತಂದ ನಾಣ್ಯ ಖರೆಯೋ ಖೋಟಾವೋ, ಅದರ ಬೆಲೆಯಲ್ಲಿ ಎಷ್ಟು ವಟ್ಟ (ಕಡಿತ) ಮುರಿಯಬೇಕು ಎಂಬುದು ಪೋತದಾರನ ಕಣ್ಣು, ಕಿವಿ, ತಕ್ಕಡಿಗೆ ಬಿಟ್ಟದ್ದು. 1835ರಲ್ಲಿ ಕಂಪನಿ ಸರ್ಕಾರ 180 ಗ್ರೇನ್ ತೂಕದ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯ ಒಂದೇ ಬಗೆಯ ರೂಪಾಯಿ ತಂದಿತು. ಹಳೆಯ ನಾಣ್ಯಗಳು ಮೆಲ್ಲಗೆ ಮರೆಯಾದಂತೆ ಆ ಕೆಲಸವೂ ಹೋಯಿತು. ಹೆಸರು ಮಾತ್ರ ನಿಮ್ಮ ಮನೆಯಲ್ಲಿ ಉಳಿಯಿತು. ನೀವು ಬರೆಯಬೇಕಾದ ಕಥೆ ಇದು.

ಇನ್ನೊಂದು ಮಾತು. ನಿಮ್ಮ ಪೋತದಾರ ದಾನಿ, ಶೂರ, ಎಲ್ಲವೂ ಹೌದು. ಆದರೆ ‘ಇದು ನಡೆಯೋದಿಲ್ಲ’ ಎಂದು ರೈತನ ರೂಪಾಯಿಯನ್ನು ಹಿಂದಕ್ಕೆ ತಳ್ಳಿದ ಪೋತದಾರ ಎಲ್ಲಿಯೂ ಇಲ್ಲ. ಅವನನ್ನೂ ಕರೆತನ್ನಿ.

ಅಜ್ಜಿ ಈಗಲೂ ಗಟ್ಟಿಯಾಗಿದ್ದಾರೆ ಎಂದು ಬರೆದಿದ್ದೀರಿ. ಆ ಕಲ್ಲನ್ನು ಅವರ ಕೈಗಿಟ್ಟು, ಯಾರಿಂದ ಬಂತು ಎಂದು ಕೇಳಿ. ಅವರ ಮಾತನ್ನು ತಿದ್ದದೆ ಬರೆದುಕೊಳ್ಳಿ. ಕಲ್ಲನ್ನು ತೊಳೆಯಬೇಡಿ, ಗೆರೆ ಹೋದೀತು. ಆರು ಪುಟದೊಳಗೆ ಮತ್ತೆ ಬರೆದು ಕಳಿಸಿ, ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ