ಬ್ಯಾಸಿಲಸ್‌ನಿಂದ ಡಿಎನ್ಎ ಬರದಿದ್ದರೆ ಮೊದಲು ಗೋಡೆ ಒಡೆಯಿರಿ

ಬ್ಯಾಕ್ಟೀರಿಯಾದಿಂದ ಡಿಎನ್ಎ ತೆಗೆಯುವ ಒಂದೇ ವಿಧಾನದಲ್ಲಿ ಇ. ಕೋಲಿಯ ಬ್ಯಾಂಡ್ (ಜೆಲ್‌ನಲ್ಲಿ ಕಾಣುವ ಡಿಎನ್ಎ ಪಟ್ಟಿ) ಬಂದು, ಸಿಂಧನೂರಿನ ಗದ್ದೆ ಮಣ್ಣಿನ ಬ್ಯಾಸಿಲಸ್ ಬ್ಯಾಕ್ಟೀರಿಯಾಕ್ಕೆ ಮಾತ್ರ ಜೆಲ್ ಖಾಲಿ ಅಂದರೆ ತೊಂದರೆ ಬಹುಶಃ ಕೋಶದ ಗೋಡೆಯದು. ಅದು ಗ್ರಾಂ ಪಾಸಿಟಿವ್, ಅಂದರೆ ದಪ್ಪ ಗೋಡೆಯ ಗುಂಪಿನದು, ಅಲ್ವಾ? ಅಷ್ಟು ದಪ್ಪ ಗೋಡೆ ಬರೀ ಎಸ್‌ಡಿಎಸ್ ಎಂಬ ಡಿಟರ್ಜೆಂಟ್‌ಗೆ ಜಗ್ಗುವುದಿಲ್ಲ.

ಹಳೆಯ ಕಲ್ಚರ್ ಬೇಡ, ಸ್ಪೋರ್ (ಒಡೆಯಲು ಇನ್ನೂ ಕಷ್ಟವಾದ ಗಟ್ಟಿ ಬೀಜಕಗಳು) ಜಾಸ್ತಿ ಇರುತ್ತವೆ. ರಾತ್ರಿ ಬೆಳೆಸಿದ 1.5 ಮಿ.ಲೀ. ಸಾಕು. ಅದನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳಕ್ಕೆ ಕೂತ ಕೋಶಗಳ ಪೆಲೆಟ್ಟನ್ನು ಟಿಇ ಬಫರ್‌ನಲ್ಲಿ (ಟ್ರಿಸ್ ಮತ್ತು ಇಡಿಟಿಎ ದ್ರಾವಣ) ಕದಡಿ, ಮಿ.ಲೀ.ಗೆ 10–20 ಮಿ.ಗ್ರಾಂ ಲೈಸೊಜೈಮ್ (ಗೋಡೆ ಕರಗಿಸುವ ಕಿಣ್ವ) ಹಾಕಿ, 37 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ರಾಯಚೂರಿನ ಬೇಸಿಗೆಯಲ್ಲಿ ಲೈಸೊಜೈಮ್ ದ್ರಾವಣವನ್ನು ಮೇಜಿನ ಮೇಲೆ ಬಿಡಬೇಡಿ, ಐಸ್‌ನಲ್ಲಿಡಿ. ಎಸ್‌ಡಿಎಸ್ ಇದಾದ ಮೇಲೇ, ಮೊದಲೇ ಹಾಕಿದರೆ ಲೈಸೊಜೈಮ್ ಕೆಡುತ್ತದೆ. ಜೊತೆಗೆ ಪ್ರೋಟೀನು ಒಡೆಯುವ ಕಿಣ್ವ ಪ್ರೋಟಿನೇಸ್ ಕೆ ಸೇರಿಸಿ 55 ಡಿಗ್ರಿಯಲ್ಲಿ ಇನ್ನೊಂದು ಗಂಟೆ.

ಈಗ ಟ್ಯೂಬ್ ನೋಡಿ. ಮಬ್ಬು ಹೋಗಿ, ಬೆಂಡೆಕಾಯಿ ಲೋಳೆಯಂತೆ ಎಳೆ ಎಳೆಯಾಗಿದ್ದರೆ ಗೋಡೆ ಒಡೆದಿದೆ. ಇನ್ನೂ ಮಬ್ಬಾಗಿದ್ದರೆ ಮುಂದೆ ಹೋಗುವುದು ಸುಮ್ನೆ ದಂಡ, ಹೊಸ ಪೆಲೆಟ್, ಹೊಸ ಲೈಸೊಜೈಮ್‌ನಿಂದ ಮತ್ತೆ ಶುರು ಮಾಡಿ.

ಆಮೇಲೆ ಫೀನಾಲ್–ಕ್ಲೋರೋಫಾರ್ಮ್, ಎಥನಾಲ್ ಎಲ್ಲ ನಿಮ್ಮ ಹಳೇ ಕ್ರಮವೇ. ವೋರ್ಟೆಕ್ಸ್ (ಜೋರಾಗಿ ಅಲುಗಿಸುವ ಯಂತ್ರ) ಮಾತ್ರ ಬೇಡ, ಡಿಎನ್ಎ ತುಂಡಾಗುತ್ತದೆ. ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿ. ಮೇಲಿನ ಪದರ ತೆಗೆಯುವಾಗ ನಡುವಿನ ಬಿಳಿ ಪೊರೆ ಮುಟ್ಟಬೇಡಿ, ಅದು ಪ್ರೋಟೀನು. ಡಿಎನ್ಎ ಎಷ್ಟು ಶುದ್ಧ ಎಂದು ತೋರಿಸುವ 260/280 ಅನುಪಾತ (ಆ ಎರಡು ನ್ಯಾನೋಮೀಟರ್ ತರಂಗಗಳಲ್ಲಿ ಬೆಳಕಿನ ಹೀರಿಕೆ) 1.8ರ ಆಸುಪಾಸು ಬಂದರೆ ಪಿಸಿಆರ್‌ಗೆ, ಅಂದರೆ ಡಿಎನ್ಎ ನಕಲು ಹೆಚ್ಚಿಸುವ ಕ್ರಿಯೆಗೆ ಹಾಕಿ.