ವೋಟು ಹಾಕಿ ಬಂದವರ ಮಾತನ್ನು ಯಾಕೆ ಅಚ್ಚು ಮಾಡಿದೆವು?

ದಾವಣಗೆರೆಯ ಓದುಗರೊಬ್ಬರು ನಮ್ಮ ಕಳೆದ ಸಂಚಿಕೆಯ ಬಗ್ಗೆ ಉದ್ದದ ಪತ್ರ ಬರೆದಿದ್ದಾರೆ. 2024ರ ಜುಲೈ 4ರಂದು ಬ್ರಿಟನ್‌ನಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತು. ಆ ದಿನ ಅಲ್ಲಿನ ಮತದಾರರು ಏನೇನು ಮಾತಾಡಿಕೊಂಡರು, ಯಾರು ಗೆಲ್ಲುತ್ತಾರೆ ಅಂದರು ಎಂಬುದಕ್ಕೆ ನಾವು ಕೆಲವು ಪುಟ ಕೊಟ್ಟಿದ್ದೆವು. ಓದುಗರ ಆಕ್ಷೇಪ ಇದು: "ರಾತ್ರಿ ಹತ್ತಕ್ಕೆ ಎಕ್ಸಿಟ್ ಪೋಲ್ ಬಂತು, ಹೆಚ್ಚುಕಮ್ಮಿ ಸರಿಯಾಗಿಯೇ ಬಂತು. ಅದಕ್ಕೆ ಮುಂಚಿನ ಹರಟೆಗೆ ಇಷ್ಟು ಜಾಗ ಯಾಕೆ?" ಅವರ ಮಗ ಅಲ್ಲಿನ ರೆಡಿಂಗ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾರೆ, ಭಾರತದ ಪಾಸ್‌ಪೋರ್ಟ್ ತೋರಿಸಿಯೇ ವೋಟು ಹಾಕಿ ಬಂದರಂತೆ. ಅದು ಹೇಗೆ ಸಾಧ್ಯ, ಯಾರಿಗೆ ವೋಟು ಹಾಕಿದೆ ಅಂತ ಎಲ್ಲರೆದುರು ಹೇಳುವುದು ಸರಿಯಾ, ನಮ್ಮಲ್ಲಿ ಎಕ್ಸಿಟ್ ಪೋಲ್ ಯಾಕೆ ಹಾಗೆ ತಪ್ಪುತ್ತದೆ ಎಂದೂ ಕೇಳಿದ್ದಾರೆ.

ನಮಸ್ಕಾರ ಸರ್. ಮೊದಲು ನಿಮ್ಮ ಮಗನ ವಿಷಯ. ಅವರು ಹಾಕಿದ್ದು ಸರಿಯಾದ ವೋಟೇ. ಬ್ರಿಟನ್‌ನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಅಲ್ಲಿನ ಸಂಸತ್ತಿನ ಚುನಾವಣೆಯಲ್ಲಿ ವೋಟು ಹಾಕಬಹುದು. ಭಾರತವೂ ಕಾಮನ್‌ವೆಲ್ತ್‌ನಲ್ಲಿದೆ. ಹದಿನೆಂಟು ತುಂಬಿರಬೇಕು, ಪಟ್ಟಿಯಲ್ಲಿ ಹೆಸರಿರಬೇಕು, ಅಷ್ಟೆ. ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು ಎಂಬ ನಿಯಮ ಸಾರ್ವತ್ರಿಕ ಚುನಾವಣೆಯೊಂದರಲ್ಲಿ ಮೊದಲು ಜಾರಿಯಾದದ್ದು 2024ರಲ್ಲೇ. ಅದಕ್ಕೂ ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ. ಓದಲು ಹೋದ ಎಷ್ಟೋ ಕನ್ನಡದ ಹುಡುಗ ಹುಡುಗಿಯರಿಗೆ ಈ ಹಕ್ಕು ಇರುವುದೇ ಗೊತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಬಾಯಿಬಿಟ್ಟು ಹೇಳುವುದು ತಪ್ಪಾ ಎಂದಿರಿ. ನನ್ನ ವೋಟು ಯಾರಿಗೆ ಅಂತ ನಾನೇ ಹೇಳಿಕೊಳ್ಳುವುದು ಅಲ್ಲಿ ಅಪರಾಧ ಅಲ್ಲ. ಆದರೆ ವೋಟು ಹಾಕಿ ಬಂದವರನ್ನು ವಿಚಾರಿಸಿ, ಅದರ ಮೇಲೆ "ಫಲಿತಾಂಶ ಹೀಗೆ" ಎಂದು ಮತದಾನ ಮುಗಿಯುವ ಮೊದಲೇ ಪ್ರಕಟಿಸಿದರೆ ಅಪರಾಧ. ಟಿವಿ, ರೇಡಿಯೊಗಳಿಗೆ ಇನ್ನೂ ಬಿಗಿ. ಬೆಳಿಗ್ಗೆ 7ಕ್ಕೆ ಮತಗಟ್ಟೆ ತೆರೆದ ಕೂಡಲೇ ಚುನಾವಣೆಯ ವಿಷಯಗಳ ಚರ್ಚೆ ನಿಲ್ಲಬೇಕು. ರಾತ್ರಿ 10ರವರೆಗೆ ಅವರು ತೋರಿಸುವುದು ನಾಯಕರು ವೋಟು ಹಾಕಲು ಬಂದದ್ದು, ಹವಾಮಾನ, ಮತಗಟ್ಟೆಯ ಬಾಗಿಲಲ್ಲಿ ಯಜಮಾನರಿಗಾಗಿ ಕಾಯುವ ನಾಯಿಗಳು, ಇಷ್ಟೇ. ಪತ್ರಿಕೆಗಳಿಗೆ ಈ ಕಟ್ಟುಪಾಡಿಲ್ಲ, ನಿಜ. ಆದರೂ ಆ ಹದಿನೈದು ಗಂಟೆ ಪಂಡಿತರ ಗದ್ದಲ ಇಲ್ಲ. ಮಾತೆಲ್ಲ ಮತದಾರರದ್ದು. ರಜೆ ಕೂಡ ಇರುವುದಿಲ್ಲ. ಗುರುವಾರ ಎಂದಿನಂತೆ ಕೆಲಸಕ್ಕೆ ಹೋಗುತ್ತಾ, ಬರುತ್ತಾ ಮಾತಾಡಿಕೊಳ್ಳುತ್ತಾರೆ. ನಮಗೆ ಆ ದಿನದ ಮೇಲೆ ಆಸೆ ಹುಟ್ಟಿದ್ದೇ ಇದಕ್ಕೆ.

ಈಗ ನಿಮ್ಮ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಎಕ್ಸಿಟ್ ಪೋಲ್ ಬಗ್ಗೆ ನಿಮಗಿರುವ ಗೌರವ ನನಗೂ ಇದೆ. 2024ರಲ್ಲಿ ಬಿಬಿಸಿ, ಐಟಿವಿ, ಸ್ಕೈ ಮೂರೂ ಟಿವಿ ಸಂಸ್ಥೆಗಳು ಸೇರಿ ಒಂದೇ ಸಮೀಕ್ಷೆ ಮಾಡಿಸಿದ್ದವು. 130ಕ್ಕೂ ಹೆಚ್ಚು ಮತಗಟ್ಟೆಗಳ ಹೊರಗೆ ಸುಮಾರು 20 ಸಾವಿರ ಜನರಿಗೆ ಮತಪತ್ರದಂಥದ್ದೇ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ಗುರುತು ಹಾಕಿ ಪೆಟ್ಟಿಗೆಗೆ ಹಾಕಬೇಕು. ಯಾರ ಮುಖ ನೋಡಿಯೂ ಹೇಳಬೇಕಾಗಿಲ್ಲ, ಹಾಗಾಗಿ ಮುಜುಗರ ಕಮ್ಮಿ. ಮುಖ್ಯವಾದ ಸಂಗತಿ ಇನ್ನೊಂದಿದೆ. ಸಾಧ್ಯವಾದಷ್ಟೂ ಹಿಂದಿನ ಸಲ ಹೋಗಿದ್ದ ಮತಗಟ್ಟೆಗಳಿಗೇ ಹೋಗುತ್ತಾರೆ. ನಮ್ಮಲ್ಲಿ ಬೂತುವಾರು ಲೆಕ್ಕ ಸಿಗುತ್ತದೆ. ಅಲ್ಲಿ ಇಡೀ ಕ್ಷೇತ್ರದ ವೋಟನ್ನು ಬೆರೆಸಿ ಎಣಿಸುವುದರಿಂದ ಅದು ಸಿಗುವುದಿಲ್ಲ. ಅದಕ್ಕೇ ತಮ್ಮದೇ ಹಳೆಯ ಲೆಕ್ಕದ ಪಕ್ಕ ಹೊಸದನ್ನಿಟ್ಟು, ಎಷ್ಟು ಬದಲಾಗಿದೆ ಎಂದು ನೋಡುತ್ತಾರೆ. ಪ್ರೊಫೆಸರ್ ಜಾನ್ ಕರ್ಟಿಸ್ ಮತ್ತು ಅವರ ತಂಡದ ಈ ಕೆಲಸ ದೊಡ್ಡದು. 2024ರಲ್ಲಿ ಲೇಬರ್ ಪಕ್ಷಕ್ಕೆ 410 ಸೀಟು ಅಂದರು, 411 ಬಂತು. ನಮ್ಮಲ್ಲಿ ಅದಕ್ಕೆ ಒಂದು ತಿಂಗಳ ಹಿಂದೆ, ಜೂನ್ 1ರ ಸಂಜೆ, ಹೆಚ್ಚಿನ ಸಂಸ್ಥೆಗಳು ಎನ್‌ಡಿಎಗೆ 350 ದಾಟಿಸಿದ್ದವು. ಬಂದದ್ದು 293. ಅಪರಿಚಿತರು ಬಂದು ಕೇಳಿದರೆ ನಮ್ಮ ಜನ ಮನಸ್ಸು ಬಿಚ್ಚುವುದಿಲ್ಲ. ಜೊತೆಗೆ ಒಂದೊಂದು ರಾಜ್ಯದ ಚುನಾವಣೆಯೂ ಒಂದೊಂದು ಬಗೆ. ತಪ್ಪಲು ಇವೆರಡೇ ಸಾಕು.

ಆದರೆ ಅಲ್ಲಿಯೂ ಸಂಖ್ಯೆಗಳು ಎಡವಿವೆ. 1992ರಲ್ಲಿ ಲೇಬರ್ ಅಲ್ಪ ಮುಂದಿದೆ ಎನ್ನುತ್ತಿದ್ದವು ಸಮೀಕ್ಷೆಗಳು. ಎಕ್ಸಿಟ್ ಪೋಲ್‌ಗಳು ಅತಂತ್ರ ಸಂಸತ್ತು ಎಂದವು. ಎದುರಾಳಿ ಕನ್ಸರ್ವೇಟಿವ್ ಪಕ್ಷದ ಜಾನ್ ಮೇಜರ್ ಬಹುಮತದಿಂದ ಗೆದ್ದರು. 2015ರಲ್ಲಿ ಸಮೀಕ್ಷೆಗಳು ಎರಡೂ ಪಕ್ಷ ಸಮಸಮ ಎಂದವು, ಕನ್ಸರ್ವೇಟಿವ್ ಪಕ್ಷದ ಡೇವಿಡ್ ಕ್ಯಾಮರೂನ್ ಬಹುಮತ ಪಡೆದರು. 2024ರಲ್ಲೂ ರಿಫಾರ್ಮ್ ಪಕ್ಷಕ್ಕೆ 13 ಸೀಟು ಎಂದಿತ್ತು ಎಕ್ಸಿಟ್ ಪೋಲ್, ಬಂದದ್ದು 5.

ಇದಕ್ಕಿಂತ ನನ್ನನ್ನು ಕಾಡುವುದು ಬೇರೆ. ಲೆಕ್ಕ ಸರಿ ಬಂದಾಗಲೂ ಅದು ಹೇಳದೆ ಬಿಡುವುದು ತುಂಬಾ ಇದೆ. 2019ರಲ್ಲಿ ಹೀನಾಯವಾಗಿ ಸೋತ ಲೇಬರ್‌ಗೆ ಒಂದು ಕೋಟಿಗೂ ಹೆಚ್ಚು ವೋಟು ಬಿದ್ದಿತ್ತು. 2024ರಲ್ಲಿ ಭರ್ಜರಿಯಾಗಿ ಗೆದ್ದಾಗ ಬಿದ್ದದ್ದು ಸುಮಾರು 97 ಲಕ್ಷ. ಶೇ. 33.7 ವೋಟಿಗೆ 650ರಲ್ಲಿ 411 ಸೀಟು! ಸೀಟಿನ ಲೆಕ್ಕ ಮಾತ್ರ ನೋಡಿದವರಿಗೆ ಇಡೀ ದೇಶ ಆಗ ಲೇಬರ್ ನಾಯಕರಾಗಿದ್ದ ಕಿಯರ್ ಸ್ಟಾರ್ಮರ್ ಹಿಂದೆ ನಿಂತಂತೆ ಕಾಣುತ್ತದೆ. ನಾವು ಅಚ್ಚು ಮಾಡಿದ ಮಾತುಗಳನ್ನು ಇನ್ನೊಮ್ಮೆ ಓದಿ ನೋಡಿ. ಲೇಬರ್ ಬಗ್ಗೆ ಪ್ರೀತಿಯಿಂದ ಮಾತಾಡಿದವರು ಕಡಿಮೆ. ಹದಿನಾಲ್ಕು ವರ್ಷದಲ್ಲಿ ಐದು ಪ್ರಧಾನಿಗಳನ್ನು ಕೊಟ್ಟ ಕನ್ಸರ್ವೇಟಿವ್ ಪಕ್ಷ ಒಮ್ಮೆ ಹೋದರೆ ಸಾಕು ಎಂದವರೇ ಜಾಸ್ತಿ. ತಮ್ಮ ಪಕ್ಷ ಬಿಟ್ಟು, ಆ ಕ್ಷೇತ್ರದಲ್ಲಿ ಕನ್ಸರ್ವೇಟಿವ್‌ರನ್ನು ಸೋಲಿಸಬಲ್ಲವರಿಗೆ ಹಾಕಿದೆವು ಎಂದವರೂ ಇದ್ದರು. ಗೆಲುವು ದೊಡ್ಡದು, ಬೆಂಬಲ ತೆಳು ಎಂಬುದನ್ನು ಅವರು ಫಲಿತಾಂಶ ಬರುವ ಮೊದಲೇ ಹೇಳಿದ್ದರು. ಇದನ್ನು ಹರಟೆ ಅನ್ನಲು ನನಗೆ ಮನಸ್ಸಾಗುವುದಿಲ್ಲ.

ಎರಡು ಕ್ಷೇತ್ರ ನೋಡೋಣ. ಒಂದು ಲಂಡನ್ನಿನ ಪಟ್ನಿ. 2017ರಲ್ಲಿ ಅಲ್ಲಿ ಲೇಬರ್‌ನಿಂದ ನಿಂತವರು ನಮ್ಮ ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಲ್ಲಲು ದುಡಿದವರು. ಹಿಂದೆ 10 ಸಾವಿರ ದಾಟಿದ್ದ ಕನ್ಸರ್ವೇಟಿವ್ ಅಂತರವನ್ನು ಅವರು 1,554ಕ್ಕೆ ಇಳಿಸಿದರು. ಯುರೋಪ್ ಒಕ್ಕೂಟ ಬಿಡುವುದು ಆ ಭಾಗದ ಬಹುಪಾಲು ಜನರಿಗೆ ಬೇಡವಾಗಿತ್ತು. 2019ರಲ್ಲಿ ದೇಶವೆಲ್ಲ ಕನ್ಸರ್ವೇಟಿವ್ ಪಕ್ಷದ ಬೋರಿಸ್ ಜಾನ್ಸನ್ ಕಡೆ ವಾಲಿದಾಗ ಲೇಬರ್ ಹೊಸದಾಗಿ ಗೆದ್ದ ಒಂದೇ ಒಂದು ಕ್ಷೇತ್ರ ಇದೇ ಪಟ್ನಿ. ಇನ್ನೊಂದು ಲೆಸ್ಟರ್ ಈಸ್ಟ್, ಗುಜರಾತಿ ಮೂಲದವರು ತುಂಬಿರುವ ಊರು, 1987ರಿಂದ ಲೇಬರ್ ಗೆಲ್ಲುತ್ತಿದ್ದ ಜಾಗ. 2024ರಲ್ಲಿ ಅಲ್ಲಿ ಲೇಬರ್‌ನ ಇಬ್ಬರು ಮಾಜಿ ಸಂಸದರು ಬೇರೆ ಬೇರೆಯಾಗಿ ನಿಂತು ವೋಟು ಒಡೆದರು. ಕನ್ಸರ್ವೇಟಿವ್ ಪಕ್ಷ ಮಣ್ಣು ಮುಕ್ಕಿದ ಆ ರಾತ್ರಿ ಅದು ಹೊಸದಾಗಿ ಗೆದ್ದ ಒಂದೇ ಕ್ಷೇತ್ರ ಇದು. ದೇಶದ ಗಾಳಿ ಒಂದು ಕಡೆ, ಬೀದಿಯ ಮಾತು ಇನ್ನೊಂದು ಕಡೆ. ಇಂಥ ಕಡೆ ಬೀದಿಯ ಮಾತು ಕೇಳಿಸಿಕೊಂಡವರಿಗೇ ಸುಳಿವು ಸಿಗುವುದು.

ಸಂಶೋಧಕರೂ ಇದನ್ನು ಲಘುವಾಗಿ ತೆಗೆದುಕೊಂಡಿಲ್ಲ. "ನಿಮ್ಮ ವೋಟು ಯಾರಿಗೆ?" ಎಂದು ಕೇಳುವ ಬದಲು "ನಿಮ್ಮ ಕ್ಷೇತ್ರದಲ್ಲಿ ಯಾರು ಗೆಲ್ಲುತ್ತಾರೆ?" ಎಂದು ಜನರನ್ನು ಕೇಳಿ, ಉತ್ತರಗಳನ್ನು ಕ್ಷೇತ್ರವಾರು ಕೂಡಿಸಿ ನೋಡಿದ್ದಾರೆ. ಒಬ್ಬೊಬ್ಬರ ಊಹೆ ತಪ್ಪಿದರೂ ಎಲ್ಲರದ್ದೂ ಸೇರಿದಾಗ ನಂಬುವಂಥ ಉತ್ತರ ಬಂದಿದೆ. ತನ್ನ ಬೀದಿಯ ಬಗ್ಗೆ ಮಾತಾಡುವಾಗ ಜನ ನೆಂಟರದ್ದು, ಪಕ್ಕದ ಮನೆಯವರದ್ದು, ಅಂಗಡಿಯಲ್ಲಿ ಕೇಳಿದ್ದು ಎಲ್ಲವನ್ನೂ ಸೇರಿಸಿಯೇ ಹೇಳುತ್ತಾರೆ ಅಲ್ವಾ? ಇಡೀ ದೇಶದ ಬಗ್ಗೆ ಹೇಳುವಾಗ ಮಾತ್ರ ತಮಗೆ ಆಗಬೇಕಾದ್ದನ್ನೇ ಆಗುತ್ತದೆ ಎನ್ನುವುದು ಹೆಚ್ಚು. ನಮ್ಮ ಪುಟಗಳಲ್ಲೂ ಅದು ಕಾಣುತ್ತದೆ. ಆ ಆಸೆಯನ್ನೂ ನಾವು ಕತ್ತರಿಸದೆ ಉಳಿಸಿದ್ದು ಬೇಕೆಂದೇ.

ಒಬ್ಬರು "ನನ್ನ ಒಂದು ವೋಟಿಂದ ಏನೂ ಆಗಲ್ಲ" ಎಂದದ್ದನ್ನು ನೀವು ಕೆಂಪು ಗೆರೆ ಎಳೆದು ಕಳಿಸಿದ್ದೀರಿ. ಅದೇ ರಾತ್ರಿ ಹೆಂಡನ್ ಕ್ಷೇತ್ರದಲ್ಲಿ ಲೇಬರ್ ಗೆದ್ದದ್ದು 15 ವೋಟಿನಿಂದ. 2017ರಲ್ಲಿ ಸ್ಕಾಟ್ಲೆಂಡಿನ ನಾರ್ತ್ ಈಸ್ಟ್ ಫೈಫ್‌ನಲ್ಲಿ ಅಂತರ ಬರೀ 2. ಈ ಎರಡು ಸಂಖ್ಯೆಗಳನ್ನು ಆ ಮಾತಿನ ಪಕ್ಕದಲ್ಲೇ ಕೊಡಬೇಕಿತ್ತು ಎಂಬ ನಿಮ್ಮ ಸಲಹೆಯನ್ನು ಪೂರ್ತಿ ಒಪ್ಪುತ್ತೇನೆ.

ಕೊನೆಯಲ್ಲಿ ಕೇಳಿದ್ದೀರಿ: ಮಗ ಮನೆ ಬದಲಿಸುತ್ತಿದ್ದಾನೆ, ಹೆಸರು ತಾನಾಗಿಯೇ ಹೊಸ ವಿಳಾಸಕ್ಕೆ ಹೋಗುತ್ತದಾ? ಇಲ್ಲ. ಹೊಸ ವಿಳಾಸದಿಂದ ಅವರೇ ಮತ್ತೆ ನೋಂದಾಯಿಸಬೇಕು. ಆನ್‌ಲೈನ್‌ನಲ್ಲಿ ಸ್ವಲ್ಪ ಹೊತ್ತಿನ ಕೆಲಸ. ಮತದಾನಕ್ಕೆ 12 ಕೆಲಸದ ದಿನ ಮುಂಚೆ ಆ ಬಾಗಿಲು ಮುಚ್ಚುತ್ತದೆ. ಮುಂದಿನ ಸಾರ್ವತ್ರಿಕ ಚುನಾವಣೆ 2029ರ ಆಗಸ್ಟ್ ಒಳಗೆ ಬರಬೇಕು, ಆದರೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಸ್ಥಳೀಯ ಕೌನ್ಸಿಲ್ ಚುನಾವಣೆಯಲ್ಲೂ ಅವರಿಗೆ ವೋಟಿದೆ. ಮನೆ ಸೇರಿದ ವಾರದಲ್ಲೇ ಮಾಡಿಬಿಡಲು ಹೇಳಿ.

— ಸಂಪಾದಕ